ಎಲುಬಿಗೊಂದು ಹಂದರ

ನಮ್ಮ ದೇಹದೊಳಗಿನ ಎಲುಬುಗಳ ಸಮುದಾಯವನ್ನು ಸಂಸ್ಕೃತದವರು 'ಅಸ್ಥಿಪಂಜರ'ವೆಂದು ಕರೆದರು. ಕನ್ನಡದ ಜನರು 'ಎಲುಬಿನ ಹಂದರ'ವೆಂದರು. ಎರಡೂ ಒಂದೇ ವಸ್ತುವನ್ನು ಸೂಚಿಸುವ ಮಾತುಗಳಾದರೂ ಅವುಗಳ ಹಿಂದಿನ ಕಲ್ಪನೆಗಳು ಬೇರೆ ಬೇರೆ. ಪಂಜರವು ತನ್ನೊಳಗಿರುವುದನ್ನು ಕೂಡಿಹಾಕುತ್ತದೆ. ಹಂದರವಾದರೋ ತನ್ನನ್ನು ಆಶ್ರಯಿಸಿದುದನ್ನು ಮೇಲಕ್ಕೆ ಹಬ್ಬಿಸುತ್ತದೆ. ಹಿತ್ತಿಲಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಬಿದಿರಿನ ಗಳುಗಳನ್ನು ಅಡ್ಡಹಾಸಿ, ಹೀರೆಯ ಬಳ್ಳಿಯನ್ನೋ ಮಲ್ಲಿಗೆಯ ಬಳ್ಳಿಯನ್ನೋ ಹಬ್ಬಿಸುವ ಗೃಹಿಣಿಯು ಹಂದರದ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ.

ಇಂದು ಶಸ್ತ್ರವೈದ್ಯರೂ ದ್ರವ್ಯವಿಜ್ಞಾನಿಗಳೂ ಕೂಡಿ, ದೇಹಕ್ಕೆ ಹಂದರವಾದ ಆ ಎಲುಬಿಗೇ ಒಂದು ಹಂದರವನ್ನು ಕಟ್ಟಿಕೊಡುವ ಕಾರ್ಯದಲ್ಲಿ ತೊಡಗಿದ್ದಾರೆ. ಅಪಘಾತದಿಂದಲೋ ರೋಗದಿಂದಲೋ ಎಲುಬಿನ ಒಂದು ಭಾಗವೇ ಇಲ್ಲವಾದಾಗ, ಆ ತೆರವಿನ ಆಕಾರಕ್ಕೆ ತಕ್ಕಂತೆ ರಂಧ್ರಮಯವಾದ ಒಂದು ಕಟ್ಟನ್ನು ಯಂತ್ರದಿಂದ ಮುದ್ರಿಸಿ ಅಲ್ಲಿ ಇರಿಸುವುದು. ದೇಹವು ಆ ಕಟ್ಟನ್ನು ಹಿಡಿದುಕೊಂಡು ತನ್ನ ಎಲುಬನ್ನು ತಾನೇ ಬೆಳೆಸಿಕೊಳ್ಳುವಂತೆ ಮಾಡುವುದು. ಬೆಳೆದ ಮೇಲೆ ಆ ಕಟ್ಟು ತಾನಾಗಿಯೇ ಕರಗಿಹೋಗುವುದು. ಈ ವಿದ್ಯೆಯ ಸಾರ ಇಷ್ಟೇ. ಇದು ಹೇಗೆ ಸಾಧ್ಯ, ಎಷ್ಟರಮಟ್ಟಿಗೆ ಸಿದ್ಧಿಸಿದೆ, ಎಲ್ಲಿ ಇನ್ನೂ ಎಡರುಗಳಿವೆ ಎಂಬುದನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಎಲುಬಿನ ಸ್ವರೂಪವನ್ನು ನೋಡೋಣ. ಸುಶ್ರುತನು ಮನುಷ್ಯ ದೇಹದಲ್ಲಿ 300 ಅಸ್ಥಿಗಳನ್ನೂ ಚರಕನು 360 ಅಸ್ಥಿಗಳನ್ನೂ ಎಣಿಸಿದ್ದಾರೆ. ಆಧುನಿಕ ಶಾರೀರಶಾಸ್ತ್ರವು ಪ್ರಾಪ್ತವಯಸ್ಕನಲ್ಲಿ 206 ಎಂದು ಹೇಳುತ್ತದೆ. ಪ್ರಾಚೀನರು ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಲೆಕ್ಕಕ್ಕೆ ಸೇರಿಸಿದ್ದರಿಂದ ಈ ಅಂತರವು ಬಹುಮಟ್ಟಿಗೆ ಉಂಟಾಗಿದೆ. ಸಂಖ್ಯೆಯ ಮಾತು ಹಾಗಿರಲಿ. ಎಲುಬೆಂದರೆ ಕಲ್ಲಿನಂತೆ ನಿರ್ಜೀವವಾದ ವಸ್ತುವೆಂದು ಸಾಮಾನ್ಯರು ಭಾವಿಸುತ್ತಾರೆ. ಇದು ಸರಿಯಲ್ಲ. ಎಲುಬಿನಲ್ಲಿ ರಕ್ತ ಹರಿಯುತ್ತದೆ, ನರಗಳಿವೆ, ಜೀವಕೋಶಗಳಿವೆ. ಹಳೆಯ ಎಲುಬನ್ನು ಕರಗಿಸುವ ಕೋಶಗಳು ಒಂದು ಬಗೆ. ಹೊಸ ಎಲುಬನ್ನು ಕಟ್ಟುವ ಕೋಶಗಳು ಇನ್ನೊಂದು ಬಗೆ. ಕಟ್ಟಿದ ಎಲುಬಿನೊಳಗೇ ನೆಲಸಿ, ಮೇಲೆ ಬೀಳುವ ಭಾರವನ್ನು ಗ್ರಹಿಸಿ, ಎಲ್ಲಿ ಕಟ್ಟಬೇಕು ಎಲ್ಲಿ ಕೆಡಹಬೇಕು ಎಂದು ಸೂಚಿಸುವ ಕೋಶಗಳು ಮತ್ತೊಂದು ಬಗೆ. ಈ ಮೂವರ ಕಾಯಕವು ಹಗಲಿರುಳೂ ನಡೆದು, ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಎಲುಬು ಹೊಸದಾಗುತ್ತದೆ. ಭಾರ ಬಿದ್ದಲ್ಲಿ ಎಲುಬು ಬಲಿಯುತ್ತದೆ, ಭಾರವಿಲ್ಲದಲ್ಲಿ ಸವೆಯುತ್ತದೆ ಎಂಬ ನಿಯಮವನ್ನು ಜರ್ಮನಿಯ ಯೂಲಿಯಸ್ ವೋಲ್ಫ್ ಎಂಬ ವೈದ್ಯನು 1892ರಲ್ಲಿ ಗ್ರಂಥಸ್ಥಗೊಳಿಸಿದನು.

ಎಲುಬಿನ ದ್ರವ್ಯವನ್ನು ಪರೀಕ್ಷಿಸಿದರೆ ಅದು ಒಂದು ಸಂಯುಕ್ತ ರಚನೆಯೆಂದು ತಿಳಿಯುತ್ತದೆ. ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಖನಿಜ. ಅದು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಎಂಬುದರ ಬಗೆ. ಉಳಿದುದರಲ್ಲಿ ಬಹುಪಾಲು ಕೊಲಾಜೆನ್ ಎಂಬ ನಾರಿನಂಥ ಸಸಾರಜನಕ, ಮಿಕ್ಕದ್ದು ನೀರು. ಎಲುಬನ್ನು ಆಮ್ಲದಲ್ಲಿ ನೆನೆಯಿಟ್ಟರೆ ಖನಿಜವೆಲ್ಲ ಕರಗಿ, ಬಾಗಿಸಿದತ್ತ ಬಾಗುವ ನಾರು ಮಾತ್ರ ಉಳಿಯುತ್ತದೆ. ಬೆಂಕಿಯಲ್ಲಿ ಸುಟ್ಟರೆ ನಾರು ಹೋಗಿ, ಮುಟ್ಟಿದರೆ ಪುಡಿಯಾಗುವ ಖನಿಜ ಮಾತ್ರ ಉಳಿಯುತ್ತದೆ. ಖನಿಜದಿಂದ ಗಟ್ಟಿತನ, ನಾರಿನಿಂದ ಬಾಗುವ ಗುಣ. ಎರಡೂ ಕೂಡಿದಾಗಲೇ ಎಲುಬು ಎಲುಬಾಗುತ್ತದೆ. ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಗೋಡೆಯಿಡುವ ನಮ್ಮ ಹಳ್ಳಿಗರು ಈ ತತ್ತ್ವವನ್ನು ಪುಸ್ತಕವಿಲ್ಲದೆಯೇ ಬಲ್ಲರು. ಬರಿಯ ಮಣ್ಣಿನ ಗೋಡೆ ಬಿರಿಯುತ್ತದೆ. ಬರಿಯ ಹುಲ್ಲು ಗೋಡೆಯಾಗಲಾರದು.

ಈ ಕೊಲಾಜೆನ್ನಿನ ಅಂತರಂಗದ ಆಕೃತಿಯನ್ನು ಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ನಮ್ಮ ದೇಶದವರಾದ ಜಿ. ಎನ್. ರಾಮಚಂದ್ರನ್ ಅಗ್ರಗಣ್ಯರು ಎಂಬುದನ್ನು ಇಲ್ಲಿ ಹೆಮ್ಮೆಯಿಂದ ಸ್ಮರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಅವರು, ಮದರಾಸು ವಿಶ್ವವಿದ್ಯಾಲಯದಲ್ಲಿದ್ದಾಗ ಗೋಪಿನಾಥ ಕರ್ತಾ ಅವರೊಡಗೂಡಿ 1954-55ರಲ್ಲಿ, ಕೊಲಾಜೆನ್ ಎಂಬುದು ಮೂರು ಎಳೆಗಳನ್ನು ಹುರಿಗೊಳಿಸಿದ ಹಗ್ಗದಂತಿದೆಯೆಂದು ಪ್ರತಿಪಾದಿಸಿದರು. ಮುಂದೆ ಅವರು ಬೆಂಗಳೂರಿಗೇ ಮರಳಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಎಲುಬಿನ ರಚನೆಯ ಮಾತು ಬಂದರೂ ಆ ಮೂರೆಳೆಯ ಹುರಿಯ ಮಾತು ಬಾರದೆ ಇರದು.

ಮುರಿದ ಎಲುಬು ಕೂಡುವುದು ಪ್ರಕೃತಿಯ ಒಂದು ಅದ್ಭುತ. ಚರ್ಮದ ಗಾಯ ಮಾಯ್ದಾಗ ಕಲೆಯುಳಿಯುತ್ತದೆ. ಎಲುಬಾದರೋ ಕಲೆಯುಳಿಯದಂತೆ ಮತ್ತೆ ಎಲುಬೇ ಆಗಿ ಕೂಡುತ್ತದೆ. ಮುರಿದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅನಂತರ ಮೃದುವಾದ ಬೆಸುಗೆ ಮೂಡುತ್ತದೆ. ಅದರಲ್ಲಿ ಖನಿಜ ಸೇರಿ ಗಟ್ಟಿಯಾಗುತ್ತದೆ. ಕಡೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಿದ್ದಿಕೊಂಡು ಮೊದಲಿನ ಆಕಾರಕ್ಕೆ ಬರುತ್ತದೆ. ವೈದ್ಯನ ಕೆಲಸವೆಂದರೆ ತುದಿಗಳನ್ನು ನೇರವಾಗಿ ಕೂಡಿಸಿ, ಅಲುಗದಂತೆ ಹಿಡಿದಿಡುವುದು. ಸುಶ್ರುತ ಸಂಹಿತೆಯ ಭಗ್ನಚಿಕಿತ್ಸೆಯಲ್ಲಿ ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ಕಟ್ಟಿಗೆ ಬಳಸಬೇಕೆಂದು ಹೇಳಿರುವುದು ಈ ಉದ್ದೇಶದಿಂದಲೇ.

ಆದರೆ ಈ ಪ್ರಕೃತಿಶಕ್ತಿಗೂ ಒಂದು ಮೇರೆಯುಂಟು. ಎರಡು ತುದಿಗಳ ನಡುವೆ ಬೆರಳೆಡೆಯಷ್ಟು ತೆರವು ಉಂಟಾದರೆ ಎಲುಬು ಅದನ್ನು ದಾಟಿ ಬೆಳೆಯಲಾರದೆ ಹೋಗಬಹುದು. ಲಾರಿಯ ಗಾಲಿಗೆ ಸಿಕ್ಕಿ ಕಾಲಿನ ಎಲುಬು ನುಚ್ಚುನೂರಾದವನು, ಕೀವುಗಟ್ಟಿ ಕೊಳೆತ ಎಲುಬನ್ನು ಕೆತ್ತಿ ತೆಗೆಸಿಕೊಂಡವನು, ಗಂಟಿನ ರೋಗಕ್ಕಾಗಿ ದವಡೆಯ ಅರ್ಧವನ್ನು ಕಳೆದುಕೊಂಡವನು, ಇವರ ಸ್ಥಿತಿ ಇದು. ಆ ತೆರವನ್ನು ತುಂಬದಿದ್ದರೆ ಕಾಲನ್ನೇ ಕತ್ತರಿಸುವ ಪ್ರಸಂಗ ಬರುತ್ತದೆ. ಕೈಕಾಲುಗಳ ಬಲದಿಂದಲೇ ಮನೆಯ ಒಲೆ ಉರಿಯುವ ರೈತನಿಗೂ ಕೂಲಿಗಾರನಿಗೂ ಕಾಲು ಹೋಯಿತೆಂದರೆ ಕಾಯಕವೇ ಹೋದಂತೆ. ಆದುದರಿಂದ ಇದು ಕೇವಲ ಪ್ರಯೋಗಶಾಲೆಯ ಕುತೂಹಲದ ವಿಷಯವಲ್ಲ.

ಈ ತೆರವನ್ನು ತುಂಬಲು ವೈದ್ಯರು ಹಿಂದಿನಿಂದಲೂ ಅನೇಕ ಉಪಾಯಗಳನ್ನು ಮಾಡುತ್ತ ಬಂದಿದ್ದಾರೆ. ರೋಗಿಯ ಸೊಂಟದ ಎಲುಬಿನಿಂದಲೇ ತುಣುಕು ತೆಗೆದು ಗಾಯದಲ್ಲಿ ಇರಿಸುವುದು ಇಂದಿಗೂ ಅತ್ಯುತ್ತಮವೆಂದು ಎನಿಸಿಕೊಂಡ ಮಾರ್ಗ. ಅದರಲ್ಲಿ ಜೀವಂತ ಕೋಶಗಳಿವೆ, ದೇಹ ಅದನ್ನು ಅನ್ಯವೆಂದು ತಳ್ಳುವುದಿಲ್ಲ. ಆದರೆ ಒಂದು ಗಾಯವನ್ನು ಮಾಯಿಸಲು ಇನ್ನೊಂದು ಗಾಯ ಮಾಡಬೇಕು. ಸೊಂಟದಲ್ಲಿ ದೊರೆಯುವ ಎಲುಬೂ ಮಿತವಾದುದು. ಮೃತರು ದಾನವಾಗಿತ್ತ ಎಲುಬನ್ನು ಶುದ್ಧಿಗೊಳಿಸಿ ಬಳಸುವುದು ಎರಡನೆಯ ಮಾರ್ಗ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಲ್ಲಿ ಇಂಥ ಅಂಗಾಂಶ ಭಂಡಾರವು ಪ್ರಾರಂಭವಾಯಿತು. ಗೋವಿನ ಎಲುಬನ್ನು ಸಂಸ್ಕರಿಸಿ ಬಳಸುವ ಪದ್ಧತಿಯೂ ಉಂಟು. ಅದನ್ನು ಮನಸ್ಸು ಒಪ್ಪದ ರೋಗಿಗಳು ನಮ್ಮಲ್ಲಿ ಅನೇಕರಿದ್ದಾರೆ. ಸೈಬೀರಿಯದ ಕುರ್ಗಾನ್ ಪಟ್ಟಣದ ಇಲಿಜಾರೊವ್ ಎಂಬ ವೈದ್ಯರು 1950ರ ದಶಕದಲ್ಲಿ ಮತ್ತೊಂದು ದಾರಿಯನ್ನು ಕಂಡರು. ಎಲುಬನ್ನು ಕತ್ತರಿಸಿ, ಸುತ್ತಲೂ ಉಕ್ಕಿನ ಬಳೆಗಳನ್ನು ತೊಡಿಸಿ, ದಿನಕ್ಕೆ ಒಂದು ಮಿಲಿಮೀಟರಿನಷ್ಟು, ಅದನ್ನೂ ನಾಲ್ಕು ಕಂತುಗಳಲ್ಲಿ ಎಳೆಯುತ್ತ ಹೋದರೆ ನಡುವೆ ಹೊಸ ಎಲುಬು ಬೆಳೆಯುತ್ತದೆ. ಫಲ ಉತ್ತಮವಾದುದೇ, ಆದರೆ ರೋಗಿ ತಿಂಗಳುಗಟ್ಟಲೆ ಆ ಬಳೆಗಳನ್ನು ಹೊತ್ತಿರಬೇಕು.

ಲೋಹದ ಪಟ್ಟಿ, ಸರಳುಗಳ ಮಾತು ಬೇರೆ. ಉಕ್ಕು ಎಲುಬಿಗಿಂತ ಸುಮಾರು ಹತ್ತು ಪಟ್ಟು ಬಿರುಸು. ಟೈಟೇನಿಯಂ ಐದಾರು ಪಟ್ಟು. ಭಾರವನ್ನೆಲ್ಲ ಲೋಹವೇ ಹೊತ್ತುಬಿಟ್ಟರೆ, ವೋಲ್ಫನ ನಿಯಮದಂತೆ, ಕೆಲಸವಿಲ್ಲದ ಎಲುಬು ಪಕ್ಕದಲ್ಲಿಯೇ ಸವೆಯತೊಡಗುತ್ತದೆ. ನಮ್ಮ ಶರಣರು ಸ್ಥಾವರ ಜಂಗಮಗಳ ಭೇದವನ್ನು ಬೇರೊಂದು ಉನ್ನತ ಅರ್ಥದಲ್ಲಿ ಹೇಳಿದ್ದಾರೆ. ಆ ಮಾತನ್ನು ವಿನಯದಿಂದ ಇಲ್ಲಿ ಎರವಲು ಪಡೆಯುವುದಾದರೆ, ಲೋಹವು ಸ್ಥಾವರ, ಎಲುಬು ಜಂಗಮ. ಲೋಹ ಇಟ್ಟಲ್ಲಿ ಇಟ್ಟಂತೆಯೇ ಇರುತ್ತದೆ. ಎಲುಬು ತನ್ನನ್ನು ತಾನು ಕ್ಷಣಕ್ಷಣವೂ ತಿದ್ದಿಕೊಳ್ಳುತ್ತದೆ. ಆದುದರಿಂದ ಎಲುಬಿನ ಸ್ಥಾನವನ್ನು ಶಾಶ್ವತವಾಗಿ ಆಕ್ರಮಿಸದೆ, ಎಲುಬಿಗೆ ಎಡೆಗೊಟ್ಟು ತಾನು ಹಿಂದೆ ಸರಿಯುವ ವಸ್ತುವನ್ನು ವಿಜ್ಞಾನಿಗಳು ಅರಸಿದರು. ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂತಿ ಎಂಬ ಅಮೆರಿಕೆಯ ಇಬ್ಬರು ವಿದ್ವಾಂಸರು 1993ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಬಗೆಯ ಅಂಗಾಂಶ ನಿರ್ಮಾಣ ವಿದ್ಯೆಗೆ ಒಂದು ಶಾಸ್ತ್ರದ ರೂಪ ಬಂದಿತೆನ್ನಬಹುದು.

ಒಳ್ಳೆಯ ಹಂದರಕ್ಕೆ ಇರಬೇಕಾದ ಲಕ್ಷಣಗಳು ಯಾವುವು? ಒಂದು, ಅದು ವಿಷವಾಗಬಾರದು. ಎರಡು, ಅದರಲ್ಲಿ ಒಂದರೊಡನೊಂದು ಕೂಡಿದ ರಂಧ್ರಗಳಿರಬೇಕು. ಮೂರು, ಎಲುಬು ಬೆಳೆಯುವವರೆಗೆ ಕುಸಿಯದಷ್ಟು ಬಲವಿರಬೇಕು. ನಾಲ್ಕು, ಎಲುಬು ಬೆಳೆಯುವ ವೇಗಕ್ಕೆ ತಕ್ಕಂತೆ ಕರಗಬೇಕು. ಐದು, ಅದರ ಮೈ ಕೋಶಗಳಿಗೆ ಒಗ್ಗುವಂತಿರಬೇಕು. ಇವುಗಳಲ್ಲಿ ರಂಧ್ರದ ಲಕ್ಷಣವು ಬಹು ಮುಖ್ಯ. ಜೀವಕೋಶವೊಂದು ರಕ್ತದ ಕಿರುನಾಳದಿಂದ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿಗಿಂತ ದೂರದಲ್ಲಿದ್ದರೆ ಉಸಿರಿಲ್ಲದೆ ಸಾಯುತ್ತದೆ. ಆದುದರಿಂದ ರಕ್ತನಾಳಗಳು ಹಂದರದ ಒಡಲೊಳಗೆ ತೂರಿ ಬರಲು ದಾರಿಗಳು ಬೇಕು. ಮಿಲಿಮೀಟರಿನ ಹತ್ತನೆಯ ಮೂರರಿಂದ ಐದು ಪಾಲಿನಷ್ಟು ಅಗಲದ ರಂಧ್ರಗಳು ಇದಕ್ಕೆ ಅನುಕೂಲವೆಂದು ಬಹುಮಂದಿ ಸಂಶೋಧಕರ ಅಭಿಮತ. ಆದರೆ ರಂಧ್ರ ಹೆಚ್ಚಿದಷ್ಟೂ ಬಲ ಕುಂದುತ್ತದೆ. ಎರಡನೆಯ ಲಕ್ಷಣವೂ ಮೂರನೆಯ ಲಕ್ಷಣವೂ ಹೀಗೆ ಒಂದಕ್ಕೊಂದು ವಿರುದ್ಧ. ಅವುಗಳನ್ನು ಹೊಂದಿಸುವುದರಲ್ಲಿಯೇ ಈ ವಿದ್ಯೆಯ ಕೌಶಲವಿದೆ.

ಒಂದೇ ದ್ರವ್ಯದಿಂದ ಈ ಐದೂ ಲಕ್ಷಣಗಳು ಸಿದ್ಧಿಸುವುದು ಕಷ್ಟ. ಸುಣ್ಣ ರಂಜಕಗಳ ಪಿಂಗಾಣಿ ಎಲುಬಿಗೆ ಅತ್ಯಂತ ಆಪ್ತ, ಆದರೆ ಹಂಚಿನಂತೆ ಒಡೆಯುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್, ಪಾಲಿಲ್ಯಾಕ್ಟಿಕ್ ಆಮ್ಲ ಮೊದಲಾದ ಕರಗುವ ಪ್ಲಾಸ್ಟಿಕ್ಕುಗಳು ಬಾಗುತ್ತವೆ, ಬೇಕಾದ ಆಕಾರ ತಳೆಯುತ್ತವೆ, ಆದರೆ ಕೋಶಗಳು ಅವುಗಳ ನುಣುಪಾದ ಮೈಯನ್ನು ಅಷ್ಟಾಗಿ ಮೆಚ್ಚುವುದಿಲ್ಲ. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಲ್ಲಿ ಇನ್ನೊಂದು ಲಾಭವೂ ಉಂಟು. ಪಾಲಿಲ್ಯಾಕ್ಟಿಕ್ ಆಮ್ಲ ಕರಗುವಾಗ ಹುಳಿಯಂಶ ಹುಟ್ಟಿ ಸುತ್ತಲಿನ ಮಾಂಸ ಉರಿಗೊಳ್ಳಬಹುದು. ಜೊತೆಗಿರುವ ಸುಣ್ಣದ ಖನಿಜವು ಆ ಹುಳಿಯನ್ನು ತಣಿಸುತ್ತದೆ. ಇನ್ನು ಕೆಲವರು ಬೆರೆಸುವುದು ಒಂದು ವಿಶೇಷ ಗಾಜನ್ನು. ಅಮೆರಿಕೆಯ ಫ್ಲಾರಿಡ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಅವರು 1969ರಲ್ಲಿ ಸಿದ್ಧಪಡಿಸಿದ ಈ ಗಾಜಿನಲ್ಲಿ ಮರಳಿನ ಅಂಶ ನೂರಕ್ಕೆ 45. ಸೋಡ, ಸುಣ್ಣಗಳು ತಲಾ 24.5, ರಂಜಕದ ಅಂಶ 6. ದೇಹದ್ರವ ಸೋಕಿದೊಡನೆ ಇದರ ಮೈಮೇಲೆ ಎಲುಬಿನ ಖನಿಜದಂಥದೇ ಪೊರೆಯೊಂದು ಮೂಡಿ, ಎಲುಬು ಅದಕ್ಕೆ ಬೆಸೆದುಕೊಳ್ಳುತ್ತದೆ. ಸಾವಿರಾರು ವರ್ಷ ಕೆಡದೆ ಉಳಿಯುವುದೆಂದು ನಾವು ಬಗೆದ ಗಾಜೂ ದೇಹದಲ್ಲಿ ಕರಗಿ ಉಪಕಾರ ಮಾಡಬಲ್ಲುದೆಂಬುದು ಅಂದು ಹೊಸ ವಿಚಾರವಾಗಿತ್ತು.

ಇನ್ನು ಮುದ್ರಣದ ಮಾತು. ಕಾಗದದ ಮೇಲೆ ಅಕ್ಷರವೊತ್ತುವುದನ್ನೇ ಮುದ್ರಣವೆಂದು ಬಲ್ಲ ನಮಗೆ ಎಲುಬಿನ ವಿಷಯದಲ್ಲಿ ಈ ಪದ ವಿಚಿತ್ರವಾಗಿ ತೋರುವುದು ಸಹಜ. ಇಲ್ಲಿ ಶಾಯಿಗೆ ಬದಲು ದ್ರವ್ಯ. ಒಂದು ಪದರಕ್ಕೆ ಬದಲು ನೂರಾರು ಪದರ. ಅಮೆರಿಕೆಯ ಚಾರ್ಲ್ಸ್ ಹಲ್ ಎಂಬವರು ಬೆಳಕು ತಾಗಿದಲ್ಲಿ ಗಟ್ಟಿಯಾಗುವ ದ್ರವದಿಂದ ಪದರ ಪದರವಾಗಿ ವಸ್ತುವನ್ನು ಕಟ್ಟುವ ಉಪಾಯಕ್ಕಾಗಿ 1984ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿ, 1986ರಲ್ಲಿ ಅದನ್ನು ಪಡೆದರು. ಕರಗಿದ ಪ್ಲಾಸ್ಟಿಕ್ಕಿನ ಎಳೆಯನ್ನು ಸುರಿದು ಕಟ್ಟುವ ಇನ್ನೊಂದು ಕ್ರಮವು 1980ರ ದಶಕದ ಕೊನೆಯಲ್ಲಿ ಬಂದಿತು. ಜಿಲೇಬಿ ಹಾಕುವವನು ರಂಧ್ರವುಳ್ಳ ಬಟ್ಟೆಯ ಗಂಟನ್ನು ಹಿಂಡುತ್ತ ಎಣ್ಣೆಯ ಮೇಲೆ ಸುರುಳಿ ಬಿಡಿಸುವುದನ್ನು ಎಲ್ಲರೂ ಕಂಡಿದ್ದೇವೆ. ಈ ಯಂತ್ರದ ಕೆಲಸವೂ ಹೆಚ್ಚುಕಡಿಮೆ ಅದೇ. ಆದರೆ ಎಳೆಯ ದಪ್ಪ ಕೂದಲು ಕೆಲವನ್ನು ಕೂಡಿಸಿದಷ್ಟು, ಕೈಯ ಬದಲು ಗಣಕಯಂತ್ರದ ಆಜ್ಞೆ.

ಕ್ರಮ ಹೀಗಿದೆ. ಮೊದಲು ರೋಗಿಯ ಗಾಯಗೊಂಡ ಭಾಗವನ್ನು ಸಿ.ಟಿ. ಸ್ಕ್ಯಾನ್ ಯಂತ್ರದಿಂದ ಚಿತ್ರಿಸುತ್ತಾರೆ. ಆ ಚಿತ್ರಗಳಿಂದ ಗಣಕಯಂತ್ರದಲ್ಲಿ ತೆರವಿನ ಆಕಾರವನ್ನು ರೂಪಿಸುತ್ತಾರೆ; ಸರಿಯಾಗಿರುವ ಇನ್ನೊಂದು ಬದಿಯ ಎಲುಬಿನ ಪ್ರತಿಬಿಂಬವನ್ನು ಮಾದರಿಯಾಗಿ ಇಟ್ಟುಕೊಳ್ಳುವುದುಂಟು. ಆ ರೂಪವನ್ನು ತೆಳ್ಳನೆಯ ಹೋಳುಗಳಾಗಿ ವಿಂಗಡಿಸುತ್ತಾರೆ. ಪ್ಲಾಸ್ಟಿಕ್ಕನ್ನೂ ಖನಿಜದ ಪುಡಿಯನ್ನೂ ಬೆರೆಸಿ ಕಾಯಿಸುತ್ತಾರೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಸುಮಾರು 60 ಡಿಗ್ರಿ ಉಷ್ಣದಲ್ಲಿಯೇ ಕರಗುವುದರಿಂದ ಈ ಕೆಲಸಕ್ಕೆ ಸುಲಭ. ಯಂತ್ರದ ಮೂತಿಯು ಒಂದು ಪದರದಲ್ಲಿ ಎಳೆಗಳನ್ನು ಉದ್ದಕ್ಕೆ ಹಾಸಿ, ಮುಂದಿನ ಪದರದಲ್ಲಿ ಅಡ್ಡಕ್ಕೆ ಹಾಸುತ್ತದೆ. ಬಳ್ಳಿಯ ಹಂದರಕ್ಕೆ ಗಳುಗಳನ್ನು ಹಾಸುವ ರೀತಿಯೇ ಇದು. ಎಳೆಗಳ ನಡುವಿನ ಕಿಂಡಿಗಳೇ ರಂಧ್ರಗಳು. ಬರಿಯ ಪಿಂಗಾಣಿಯ ಹಂದರವಾದರೆ ಹಿಟ್ಟಿನಂತೆ ಕಲಸಿ ಮುದ್ರಿಸಿ, ಸಾವಿರ ಡಿಗ್ರಿಗೂ ಮಿಕ್ಕ ಉಷ್ಣದ ಕುಲುಮೆಯಲ್ಲಿ ಸುಡಬೇಕಾಗುತ್ತದೆ. ಸುಟ್ಟಾಗ ಕುಗ್ಗುವುದನ್ನು ಮೊದಲೇ ಲೆಕ್ಕಹಾಕಿರಬೇಕು.

ಈ ಹಂದರವನ್ನು ಗಾಯದಲ್ಲಿ ಇರಿಸಿದ ಮೇಲೆ ಮುಂದಿನ ಕೆಲಸ ದೇಹದ್ದು. ರಕ್ತವು ಕಿಂಡಿಗಳಲ್ಲಿ ತುಂಬಿ ಹೆಪ್ಪುಗಟ್ಟುತ್ತದೆ, ಕಿರುನಾಳಗಳು ಒಳನುಗ್ಗುತ್ತವೆ, ಅವುಗಳ ಬೆನ್ನಲ್ಲೇ ಎಲುಬು ಕಟ್ಟುವ ಕೋಶಗಳು ಬಂದು ಎಳೆಗಳನ್ನು ಹಿಡಿದು ನೆಲೆಸಿ, ಮೊದಲು ನಾರನ್ನೂ ಅನಂತರ ಖನಿಜವನ್ನೂ ಇಡುತ್ತವೆ. ಹಂದರವು ನಿಧಾನವಾಗಿ ಕರಗುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನಿನದಾದರೆ ಎರಡು ಮೂರು ವರ್ಷಗಳೇ ಹಿಡಿಯಬಹುದು. ಹಂದರ ಬೇಗ ಕರಗಿದರೆ ಬೆಳೆಯುತ್ತಿರುವ ಎಲುಬು ಕುಸಿಯುತ್ತದೆ. ತಡವಾಗಿ ಕರಗಿದರೆ ಬೆಳೆಯಬೇಕಾದ ಎಲುಬಿಗೆ ಅದೇ ಅಡ್ಡಿ. ಇಂಗ್ಲಿಷಿನವರು ಇದಕ್ಕೆ ಕಟ್ಟಡದ ಸಾರುವೆಯ ಹೆಸರನ್ನು ಇಟ್ಟಿದ್ದಾರೆ. ಸಾರುವೆಯನ್ನು ಕೆಲಸ ಮುಗಿದ ಮೇಲೆ ಕೂಲಿಗಳು ಬಿಚ್ಚಬೇಕು, ಈ ಹಂದರವನ್ನು ಬಿಚ್ಚುವವರು ಬೇಕಿಲ್ಲ.

ಇದೆಲ್ಲ ಕೇವಲ ಕಲ್ಪನೆಯಲ್ಲ. ಸಿಂಗಪುರದಲ್ಲಿ ಹುಟ್ಮಾಕರ್, ಟಿಯೊ ಮೊದಲಾದ ವಿದ್ವಾಂಸರು ಬೆಳೆಸಿದ ಇಂಥ ಮುದ್ರಿತ ಹಂದರಗಳಿಗೆ, ತಲೆಬುರುಡೆಯ ತೂತುಗಳನ್ನು ಮುಚ್ಚುವುದು ಮೊದಲಾದ ಉಪಯೋಗಕ್ಕೆ, 2006ರಲ್ಲಿಯೇ ಅಮೆರಿಕೆಯ ಅಧಿಕೃತ ಅನುಮತಿ ದೊರೆಯಿತು. ಶಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2016ರಲ್ಲಿ, ತೂಕದಲ್ಲಿ ನೂರಕ್ಕೆ 90ರಷ್ಟು ಖನಿಜವಿದ್ದರೂ ಒತ್ತಿದರೆ ಕುಗ್ಗಿ ಬಿಟ್ಟರೆ ಹಿಗ್ಗುವ ಮುದ್ರಿತ ಹಂದರವನ್ನು ಪ್ರಕಟಪಡಿಸಿದರು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ 2017ರಲ್ಲಿ, ಸೋಂಕಿನಿಂದ ಮೊಣಕಾಲ ಕೆಳಗಿನ ಎಲುಬನ್ನು ಕಳೆದುಕೊಂಡ ತರುಣನೊಬ್ಬನಿಗೆ, ಕಾಲನ್ನು ಕತ್ತರಿಸುವ ಬದಲು, ಮುದ್ರಿತ ಹಂದರವನ್ನು ಅವನದೇ ರಕ್ತನಾಳಸಹಿತವಾದ ಅಂಗಾಂಶದಿಂದ ಸುತ್ತಿ ಅಳವಡಿಸಿದರು. ನಮ್ಮಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಎಲುಬಿಗೆ ಒಗ್ಗುವ ಪಿಂಗಾಣಿಗಳ ವಿಷಯದಲ್ಲಿ ಬಹುಕಾಲದಿಂದ ದುಡಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು, ಕೌಶಿಕ್ ಚಟರ್ಜಿ ಮೊದಲಾದವರ ತಂಡಗಳು ದೇಹಕ್ಕೆ ಒಗ್ಗುವ ದ್ರವ್ಯಗಳ ಬಗೆಗೂ ಮುದ್ರಿತ ಹಂದರಗಳ ಬಗೆಗೂ ಸಂಶೋಧನೆ ನಡೆಸಿವೆ.

ಆದರೂ ಉತ್ಸಾಹದಲ್ಲಿ ವಿವೇಕವನ್ನು ಬಿಡಬಾರದು. 'ಎಲುಬನ್ನೇ ಮುದ್ರಿಸುತ್ತಾರೆ' ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಮುದ್ರಿಸುವುದು ಎಲುಬನ್ನಲ್ಲ, ಎಲುಬಿಗೆ ಆಸರೆಯನ್ನು. ತಲೆಬುರುಡೆ, ಮುಖ, ದವಡೆಗಳ ಚಿಕ್ಕ ತೆರವುಗಳಲ್ಲಿ ಫಲ ಕಂಡಷ್ಟು ಸುಲಭವಾಗಿ, ಮೈಯ ಭಾರವನ್ನೆಲ್ಲ ಹೊರುವ ತೊಡೆಯ, ಕಾಲಿನ ಎಲುಬುಗಳಲ್ಲಿ ಕಾಣುವುದಿಲ್ಲ. ಅಲ್ಲಿ ಹಂದರದ ಜೊತೆಗೆ ಲೋಹದ ಆಧಾರವೂ ಬೇಕಾಗುತ್ತದೆ. ದೊಡ್ಡ ಹಂದರದ ನಡುವಿನವರೆಗೆ ರಕ್ತವನ್ನು ಕೊಂಡೊಯ್ಯುವುದು ಇಂದಿಗೂ ಬಿಡಿಸಲಾಗದ ತೊಡಕು. ಕೀವಿರುವ ಗಾಯದಲ್ಲಿ ಹಂದರವನ್ನಿರಿಸಿದರೆ ಅದೇ ಕ್ರಿಮಿಗಳಿಗೆ ಮನೆಯಾಗಬಹುದು. ಸಿಹಿಮೂತ್ರ ರೋಗ, ತಂಬಾಕಿನ ಸೇವನೆ ಇವು ಎಲುಬು ಕೂಡುವುದನ್ನೇ ತಡೆಯುತ್ತವೆ. ಯಾವ ಹಂದರವೂ ಅದಕ್ಕೆ ಪರಿಹಾರವಲ್ಲ. ಎಲುಬು ಬೆಳೆಯಲು ಪ್ರಚೋದಿಸುವ ಸಸಾರಜನಕವೊಂದು ಎಲುಬಿನಲ್ಲಿಯೇ ಇದೆಯೆಂಬುದಕ್ಕೆ ಮಾರ್ಷಲ್ ಯೂರಿಸ್ಟ್ ಅವರ 1965ರ ಪ್ರಯೋಗಗಳು ದಾರಿ ತೋರಿದುವು. ಅದನ್ನು ಕೃತಕವಾಗಿ ತಯಾರಿಸಿ 2002ರಲ್ಲಿ ಅಮೆರಿಕೆಯಲ್ಲಿ ಬಳಕೆಗೆ ಅನುಮತಿಯಿತ್ತರು. ಆದರೆ ಕತ್ತಿನ ಬೆನ್ನೆಲುಬಿನಲ್ಲಿ ಬಳಸಿದಾಗ ಅಪಾಯಕರ ಊತ ಕಂಡುಬಂದುದರಿಂದ 2008ರಲ್ಲಿ ಅಲ್ಲಿನ ಅಧಿಕಾರಿಗಳೇ ಎಚ್ಚರಿಕೆ ಹೊರಡಿಸಬೇಕಾಯಿತು. ಪ್ರಕೃತಿಯನ್ನು ಅವಸರಪಡಿಸಿದರೆ ಅದು ಸುಮ್ಮನಿರುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಇಷ್ಟರಮೇಲೆ ಖರ್ಚಿನ ಪ್ರಶ್ನೆ. ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಆಕಾರ, ಬೇರೆ ಬೇರೆ ಪರೀಕ್ಷೆ. ಆದುದರಿಂದ ಈ ಚಿಕಿತ್ಸೆ ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳನ್ನು ಬಿಟ್ಟು ಹೊರಬರುವುದಕ್ಕೆ ಕಾಲ ಹಿಡಿಯುತ್ತದೆ. ಮೂಲದ್ರವ್ಯಗಳು ದುರ್ಲಭವಲ್ಲ. ಪಾಲಿಲ್ಯಾಕ್ಟಿಕ್ ಆಮ್ಲಕ್ಕೆ ಬೇಕಾದ ಹುಳಿಯು ಮೆಕ್ಕೆಜೋಳ, ಕಬ್ಬುಗಳ ಸಕ್ಕರೆಯನ್ನು ಹುದುಗಿಸಿದರೆ ದೊರೆಯುತ್ತದೆ. ಸುಣ್ಣ, ರಂಜಕಗಳು ಹೇಗೂ ಇವೆ. ಬೇಕಾಗಿರುವುದು ವಿದ್ಯೆ, ಅದನ್ನು ಬಲ್ಲ ಜನ, ಅದಕ್ಕೆ ಒದಗುವ ಧನ. ಆ ಕಾಲ ಬರುವವರೆಗೆ ನಮ್ಮ ಕೈಯಲ್ಲಿರುವ ಕೆಲಸವೂ ಅಲ್ಪವಲ್ಲ. ಎಲುಬು ಚರ್ಮವನ್ನು ಸೀಳಿ ಹೊರಬಂದ ಗಾಯವನ್ನು ಮಣ್ಣು ಮುಟ್ಟದಂತೆ ಶುಚಿಯಾದ ಬಟ್ಟೆಯಿಂದ ಮುಚ್ಚಿ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು. ಕಾಲು ನೀಲಿಗಟ್ಟುವಂತೆ ಬಿಗಿಯಾಗಿ ಕಟ್ಟದಿರುವುದು. ಈ ಎರಡು ಮಾತುಗಳನ್ನು ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿಗೆ ಒಯ್ದರೆ, ಹಂದರದ ಅವಶ್ಯಕತೆಯೇ ಬಾರದಂತೆ ಎಷ್ಟೋ ಕಾಲುಗಳು ಉಳಿದಾವು.

ಅಧ್ಯಾಪಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಲು ಬಾರದೆಂಬ ಮಾತನ್ನು ನಂಬಬೇಕಾಗಿಲ್ಲ. ಹಂದರ, ಎಳೆ, ಹುರಿ, ಬೆಸುಗೆ, ಪದರ, ಕಿಂಡಿ ಇವೆಲ್ಲ ನಮ್ಮ ಮಕ್ಕಳು ಮನೆಯಿಂದಲೇ ತರುವ ಪದಗಳು. ಅವುಗಳ ಆಧಾರದ ಮೇಲೆ ಹೊಸ ಶಾಸ್ತ್ರದ ಪರಿಭಾಷೆ ಹಬ್ಬಲಿ. ಹಬ್ಬಿ ಬಲಿತ ಮೇಲೆ ಆಧಾರದ ನೆನಪು ಇರಲಿ, ಇಲ್ಲದಿರಲಿ. ದಾಸೋಹದ ಪರಂಪರೆಯಲ್ಲಿ ಈ ವಿದ್ಯಾಲಯವನ್ನು ಬೆಳೆಸಿದ ದಾನಿಗಳೂ ಹೀಗೆಯೇ ಒಂದು ಹಂದರವನ್ನು ಕಟ್ಟಿದ್ದಾರೆ. ಅದನ್ನು ಹಿಡಿದು ಬೆಳೆದವರಲ್ಲಿ ಯಾರಾದರೊಬ್ಬರು ನಾಳೆ ಒಬ್ಬ ರೈತನ ಕಾಲನ್ನು ಉಳಿಸುವ ವೈದ್ಯರೋ ವಿಜ್ಞಾನಿಯೋ ಆದರೆ, ಇತ್ತವರಿಗೂ ಕಲಿಸಿದವರಿಗೂ ಅದಕ್ಕಿಂತ ಮಿಗಿಲಾದ ಪ್ರತಿಫಲ ಮತ್ತೊಂದಿಲ್ಲ.